ಮೊದಲು ಮೋರಿ, ಆಮೇಲೆ ಮನೆ

ದಸರೆಯ ಜಂಬೂಸವಾರಿ ಕೆ.ಆರ್. ಸರ್ಕಲ್ ಬಳಸಿ ಸಯ್ಯಾಜಿರಾವ್ ರಸ್ತೆಗೆ ತಿರುಗಿದಾಗ ನೋಡುವವರ ಕಣ್ಣೆಲ್ಲ ಅಂಬಾರಿಯ ಮೇಲೆ. ಆನೆ ಹೆಜ್ಜೆಯಿಡುವ ನೆಲದಡಿಯಲ್ಲಿ ಒಂದು ನಾಲೆ ಹೂತುಹೋಗಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರುವ ಆಸೆಯಿಂದ ತೋಡಿಸಿದ ನಾಲೆ ಅದು. ಕಾವೇರಿ ಬರಲಿಲ್ಲ. ತೋಡಿದ ಹಳ್ಳ ಮಾತ್ರ ಉಳಿಯಿತು, ಊರಿನ ಬಚ್ಚಲ ನೀರು ಅದರೊಳಗೆ ದಾರಿ ಹುಡುಕಿಕೊಂಡಿತು. ನಡು ಊರಿನಲ್ಲಿ ದಶಕಗಟ್ಟಲೆ ನಾತ ಹೊಡೆಯುತ್ತಿದ್ದ ಈ ಕಾಲುವೆಯನ್ನು ಶತಮಾನ ಮುಗಿಯುವ ಮೊದಲೇ ಮುಚ್ಚಿ, ಮೇಲೆ ಅಗಲವಾದ ರಸ್ತೆ ಮಾಡಿ, ಅದಕ್ಕೆ ಬರೋಡದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಹೆಸರಿಟ್ಟರು.

ಮೈಸೂರನ್ನು ‘ಯೋಜಿತ ನಗರ’ ಎಂದು ಹೊಗಳುವವರು ಸಾಮಾನ್ಯವಾಗಿ ಅರಮನೆ, ಸರ್ಕಲ್ಲು, ಸಾಲುಮರಗಳಿಂದ ಮಾತು ಶುರುಮಾಡುತ್ತಾರೆ. ಅಸಲು ಕಥೆ ಶುರುವಾಗುವುದು ಇಂಥ ಕೊಚ್ಚೆಯಿಂದ. ಊರು ಕೋಟೆ ದಾಟಿ ಹೊರಕ್ಕೆ ಹರಡಿದ್ದು ಸೊಬಗಿನ ಹಂಬಲದಿಂದಲ್ಲ, ಒಳಗೆ ಉಸಿರಾಡಲು ಆಗದೆ. ಹರಡುವಾಗ ಒಂದು ಕ್ರಮ ಪಾಲಿಸಬೇಕೆಂದು ಆಗಿನ ಆಡಳಿತಕ್ಕೆ ತಿಳಿಯಿತು: ಮೊದಲು ಜಮೀನು ಕೈಗೆ ಬರಬೇಕು, ಆಮೇಲೆ ರಸ್ತೆ ಮತ್ತು ಮೋರಿ ಆಗಬೇಕು, ಕೊನೆಗೆ ಸೈಟು ಹಂಚಬೇಕು. ಮುಂದಿನ ನೂರು ವರ್ಷದ ಮೈಸೂರಿನ ಚರಿತ್ರೆಯೆಂದರೆ ಈ ಕ್ರಮ ಎಲ್ಲಿಯವರೆಗೆ ನಡೆಯಿತು, ಎಲ್ಲಿ ತಲೆಕೆಳಗಾಯಿತು ಎಂಬುದರ ಚರಿತ್ರೆಯೇ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಮರಳಿತು. ಟಿಪ್ಪು ಹಳೆಯ ಕೋಟೆಯನ್ನು ಕೆಡವಿಸಿ, ಪಕ್ಕದಲ್ಲಿ ನಜರಾಬಾದನ್ನು ಕಟ್ಟಿಸಲು ಹೊರಟಿದ್ದ. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟವೇರಿದಾಗ ಕೋಟೆ, ಅರಮನೆ ಎರಡನ್ನೂ ಹೊಸದಾಗಿ ಎಬ್ಬಿಸಬೇಕಾಯಿತು. ಅರಮನೆಯ ಜೊತೆಗೆ ಅದನ್ನು ನಂಬಿ ಬದುಕುವವರೂ ಕೋಟೆಯೊಳಗೇ ಬಂದು ನೆಲಸಿದರು: ಪುರೋಹಿತರು, ಊಳಿಗದವರು, ಲೆಕ್ಕ ಬರೆಯುವವರು, ಅರಸು ಮನೆತನದವರು. ಗೋಡೆಗೆ ಗೋಡೆ ತಾಗಿದ ಮನೆಗಳು, ಕೈಚಾಚಿದರೆ ಎರಡೂ ಬದಿ ಮುಟ್ಟುವ ಸಂದಿಗಳು. ಕೋಟೆಯ ಆಚೆಗೆ ಪೇಟೆ, ಪೇಟೆಯ ಆಚೆಗೆ ಮೊಹಲ್ಲಾಗಳು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ ಕಚೇರಿಗಳೆಲ್ಲ ಬೆಂಗಳೂರಿಗೆ ಹೋದವು. ಸರ್ಕಾರವಿಲ್ಲದ ರಾಜಧಾನಿಯಾಗಿ ಮೈಸೂರು ಅರ್ಧ ಶತಮಾನ ಕಳೆಯಿತು. 1881ರಲ್ಲಿ ರಾಜ್ಯ ಒಡೆಯರಿಗೆ ಹಿಂತಿರುಗಿದ ಮರುವರ್ಷವೇ ಬೆಂಗಳೂರಿನಿಂದ ರೈಲು ಬಂತು. 1896ರ ಸುಮಾರಿಗೆ ಬೆಳಗೊಳದಿಂದ ಕಾವೇರಿ ನೀರು ನಲ್ಲಿಗೂ ಬಂತು. ಪೂರ್ಣಯ್ಯನವರ ನಾಲೆಯಲ್ಲಿ ಬಾರದ ನದಿ ಕೊಳವೆಯಲ್ಲಿ ಬಂದಿತ್ತು. ಬಂದ ನೀರು ಬಳಸಿದ ಮೇಲೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಇನ್ನೂ ಉತ್ತರವಿರಲಿಲ್ಲ.

ಆಗ ಎರಡು ವರ್ಷದೊಳಗೆ ಎರಡು ಅನಾಹುತ ನಡೆದವು. 1897ರ ಫೆಬ್ರವರಿ ಕೊನೆಯಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆ, ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಹೊಸ ಅರಮನೆ ಏಳತೊಡಗಿತು, ಮುಗಿಯಲು 1912 ಆಯಿತು. ಅರಮನೆಯ ಸುತ್ತ ಇಕ್ಕಟ್ಟಾಗಿದ್ದ ಮನೆಗಳು ಮತ್ತೆ ಬೆಂಕಿಗೆ ದಾರಿ ಎಂಬುದು ಆಳುವವರ ಕಣ್ಣಿಗೆ ಈಗ ಬಿತ್ತು. ಇನ್ನೊಂದು ಅನಾಹುತ ಪ್ಲೇಗು. 1896ರಲ್ಲಿ ಬೊಂಬಾಯಿಗೆ ಬಂದಿಳಿದ ರೋಗ 1898ರಲ್ಲಿ ರೈಲಿನ ದಾರಿ ಹಿಡಿದು ಬೆಂಗಳೂರಿಗೂ ಅಲ್ಲಿಂದ ಮೈಸೂರಿಗೂ ಬಂತು.

ಆ ಕಾಲದ ಮನೆಮನೆಯಲ್ಲೂ ಕೇಳುತ್ತಿದ್ದ ಮಾತು ‘ಇಲಿ ಬಿತ್ತು’ ಎಂಬುದು. ಜಂತಿಯಿಂದ ಇಲಿ ಸತ್ತು ಬಿದ್ದರೆ ಪಾತ್ರೆಪಡಗ ಕಟ್ಟಿಕೊಂಡು ಊರಾಚೆಯ ಹೊಲದಲ್ಲಿ ತಡಿಕೆಯ ಗುಡಿಸಲು ಹಾಕಬೇಕು, ರೋಗ ಇಳಿದ ಮೇಲೆ ವಾಪಸು ಬರಬೇಕು. ವರ್ಷ ಬಿಟ್ಟು ವರ್ಷ ಇದೇ ಪಾಡು. ಊರೂರಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು. ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿ ಮನೆ ಖಾಲಿ ಮಾಡಿಸುವ, ಸೂರು ಕೀಳಿಸುವ, ರೋಗಿಗಳನ್ನು ಬೇರೆ ಇಡುವ ಕ್ರಮ ಕೈಗೊಂಡಿತು. ಜನ ಸುಮ್ಮನೆ ಒಪ್ಪಲಿಲ್ಲ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1898ರಲ್ಲಿ ಗಲಭೆಯೇ ನಡೆಯಿತು. 1891ರ ಜನಗಣತಿಯಲ್ಲಿ 74 ಸಾವಿರ ದಾಟಿದ್ದ ಮೈಸೂರು 1901ರಲ್ಲಿ 68 ಸಾವಿರಕ್ಕೆ ಇಳಿದಿತ್ತು. ಬೆಳೆಯುತ್ತಿದ್ದ ಊರಲ್ಲ ಅದು, ಕರಗುತ್ತಿದ್ದ ಊರು. ಅದನ್ನು ವಿಸ್ತರಿಸಬೇಕೆಂಬ ಯೋಚನೆ ಹುಟ್ಟಿದ್ದು ಜನ ಹೆಚ್ಚಿದ್ದರಿಂದಲ್ಲ. ಇದ್ದ ಜನರನ್ನು ಉಳಿಸಿಕೊಳ್ಳುವ ಆತಂಕದಿಂದ.

ಮಾದರಿಗಳು ಎದುರಿಗೇ ಇದ್ದವು. ಬೆಂಗಳೂರಿನಲ್ಲಿ 1892ರ ಸುಮಾರಿಗೇ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳ ನಕ್ಷೆ ಸಿದ್ಧವಾಗಿತ್ತು. ಬಿಡಾರ ಬಿಟ್ಟು ಹೋಗಲು ಹಿಂದೆಮುಂದೆ ನೋಡುತ್ತಿದ್ದ ಜನರನ್ನು ಅಲ್ಲಿಗೆ ಓಡಿಸಿದ್ದು ಪ್ಲೇಗು. ಬೊಂಬಾಯಿಯಲ್ಲಿ 1898ರಲ್ಲಿ ನಗರ ಸುಧಾರಣೆಗೆಂದೇ ಒಂದು ಟ್ರಸ್ಟ್ ಹುಟ್ಟಿತ್ತು. ಮೈಸೂರಿನಲ್ಲಿ 1902ರ ಆಗಸ್ಟ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡರು. ಮರುವರ್ಷ, ಅಂದರೆ 1903ರಲ್ಲಿ, ಮೈಸೂರು ನಗರ ಸುಧಾರಣಾ ಕಾಯ್ದೆ ಬಂತು, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಕಲ್ಕತ್ತೆಗೆ ಇಂಥ ಟ್ರಸ್ಟ್ ಸಿಕ್ಕಿದ್ದು 1911ರಲ್ಲಿ, ಹೈದರಾಬಾದಿಗೆ 1912ರಲ್ಲಿ, ಬೆಂಗಳೂರಿಗೆ ಕಾನೂನು ಬಂದದ್ದು 1945ರಲ್ಲಿ. ಅರವತ್ತೆಂಟು ಸಾವಿರ ಜನರ ಊರೊಂದು ಕಲ್ಕತ್ತೆಗಿಂತ ಎಂಟು ವರ್ಷ ಮುಂದಿತ್ತು. ಆಗ ದಿವಾನರಾಗಿದ್ದವರು ಪಿ.ಎನ್. ಕೃಷ್ಣಮೂರ್ತಿ, ಪೂರ್ಣಯ್ಯನವರ ವಂಶಸ್ಥರು. ಪೂರ್ವಜ ತೋಡಿದ್ದನ್ನು ಊರು ಮುಚ್ಚಿತು, ವಂಶದ ಕುಡಿಯ ಹೆಸರಿನಲ್ಲಿ ಕೃಷ್ಣಮೂರ್ತಿಪುರಂ ಎಂಬ ಬಡಾವಣೆ ಎದ್ದಿತು.

ಟ್ರಸ್ಟ್ ಬೋರ್ಡಿನ ಕೆಲಸ ಕೇಳುವುದಕ್ಕೆ ಸರಳ. ಮುನಿಸಿಪಾಲಿಟಿ ಆಗಲೇ ಇತ್ತು, ಆದರೆ ಅದರ ಕೈಲಾಗುತ್ತಿದ್ದದ್ದು ಇದ್ದ ಬೀದಿಯನ್ನು ಗುಡಿಸುವುದು, ದೀಪ ಹಚ್ಚುವುದು. ಹೊಸ ಬೀದಿ ಹುಟ್ಟಿಸಲು ಬೇಕಾದದ್ದು ಜಮೀನು. ಟ್ರಸ್ಟಿಗೆ ಕಾನೂನಿನ ಬಲದಿಂದ ಜಮೀನನ್ನು ಸ್ವಾಧೀನ ಮಾಡಿಕೊಳ್ಳುವ ಅಧಿಕಾರ ಸಿಕ್ಕಿತು. ಹೊಲವನ್ನು ಕೊಂಡು, ಅಳೆದು, ಬೀದಿ ಎಳೆದು, ಮೋರಿ ಕಟ್ಟಿ, ಉಳಿದ ನೆಲವನ್ನು ಸೈಟು ಮಾಡಿ ಮಾರುವುದು. ಬಂದ ಹಣದಲ್ಲಿ ಮುಂದಿನ ಹೊಲ. ಹೀಗೆ ಊರು ತನ್ನ ವಿಸ್ತರಣೆಯ ಖರ್ಚಿನ ಒಂದು ಪಾಲನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು. ಕಡಿಮೆ ಬಿದ್ದರೆ ಸರ್ಕಾರದ ಖಜಾನೆ, ಅದರ ಹಿಂದೆ ಅರಮನೆ. ಒಳಗೂ ಕೆಲಸವಿತ್ತು. ಕೋಟೆಯೊಳಗಿನ ಮನೆಗಳನ್ನು ಕ್ರಮೇಣ ಖಾಲಿ ಮಾಡಿಸಿ ಅರಮನೆಯ ಸುತ್ತ ಬಯಲು ಬಿಡಿಸಲಾಯಿತು. ಈಗ ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಆ ಹಸಿರು ಬಯಲಿನ ಮೇಲೆ ಒಂದು ಕಾಲಕ್ಕೆ ಅಡುಗೆಮನೆ, ಜಗಲಿ, ತುಳಸಿಕಟ್ಟೆಗಳಿದ್ದವು. ಊರ ಮಗ್ಗುಲಲ್ಲಿದ್ದ ದೊಡ್ಡಕೆರೆಯೂ ಬತ್ತಿ ಮೈದಾನವಾಯಿತು. ಸುಬ್ಬರಾಯನಕೆರೆ ಮುಂದೆ ಸ್ವಾತಂತ್ರ್ಯ ಚಳವಳಿಯ ಸಭೆಗಳ ಬಯಲಾಯಿತು. ನಿಂತ ನೀರೆಂದರೆ ರೋಗ ಎಂದು ನಂಬಿದ್ದ ಕಾಲ ಅದು. ಕೆರೆ ಮುಚ್ಚುವುದೂ ಆಗ ಸುಧಾರಣೆಯೇ.

ಹೊಸ ಬಡಾವಣೆಗಳು ಬಹುಮಟ್ಟಿಗೆ ದಕ್ಷಿಣಕ್ಕೂ ಪಶ್ಚಿಮಕ್ಕೂ ಹರಡಿದವು: ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಆಮೇಲೆ ಒಂಟಿಕೊಪ್ಪಲು, ಜಯಲಕ್ಷ್ಮೀಪುರಂ, ಸರಸ್ವತಿಪುರಂ, ಯಾದವಗಿರಿ. ನೇರ ಬೀದಿ, ನಾಲ್ಕು ಬೀದಿ ಕೂಡುವಲ್ಲಿ ಪಾರ್ಕು, ಮನೆಯ ಮುಂದೆ ಕೈತೋಟಕ್ಕೆ ಜಾಗ, ಪಕ್ಕದ ಗೋಡೆಗೂ ತಮ್ಮ ಗೋಡೆಗೂ ನಡುವೆ ಗಾಳಿಗೆ ದಾರಿ. ಕೋಟೆಯೊಳಗಿನ ಸಂದಿಯಲ್ಲಿ ಬೆಳೆದವರಿಗೆ ಇದು ಬೇರೆ ಲೋಕದಂತೆ ಕಂಡಿರಬೇಕು. 1908ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೈಸೂರಿಗೆ ಬಂದ ಮೇಲೆ ಬೀದಿಗೆ ದೀಪದ ಕಂಬವೂ ಸೇರಿತು.

ಆ ನಕ್ಷೆಗಳ ಜಾಣತನ ಇರುವುದು ಮುಂಬಾಗಿಲಲ್ಲಲ್ಲ, ಹಿತ್ತಿಲಲ್ಲಿ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಕಿರುಗಲ್ಲಿ ಹಾದುಹೋಗುತ್ತದೆ. ಮೈಸೂರಿನವರು ಇವತ್ತಿಗೂ ಅದನ್ನು ಕನ್ಸರ್ವೆನ್ಸಿ ಎಂದೇ ಕರೆಯುತ್ತಾರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಕಕ್ಕಸು ಹಿತ್ತಿಲ ಕೊನೆಯಲ್ಲಿ. ಅದನ್ನು ಬಳಿದು ಗಾಡಿಗೆ ತುಂಬಿ ಒಯ್ಯುವವರು ಮನೆಯವರ ಕಣ್ಣಿಗೆ ಬೀಳದಂತೆ ಬಂದು ಹೋಗಲು ಈ ಗಲ್ಲಿ. ಮುಂದೆ ಹೂವಿನ ಗಿಡ, ಹಿಂದೆ ಮಲದ ಗಾಡಿ. ಪ್ಲೇಗಿನಿಂದ ಕಲಿತ ಶುಚಿತ್ವ ಇಡೀ ಬಡಾವಣೆಯನ್ನು ಕಾಯುತ್ತಿತ್ತು, ಅದರ ಭಾರ ಹೊರುತ್ತಿದ್ದದ್ದು ಒಂದೆರಡು ಜಾತಿಗಳ ತಲೆ. 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ತಲೆಯ ಮೇಲೆ ಮಲ ಹೊರುವ ಪದ್ಧತಿಗೆ ರಾಜ್ಯದಲ್ಲಿ ನಿಷೇಧ ಬಂತು. ಅಷ್ಟರಲ್ಲಿ ಒಳಚರಂಡಿಯೂ ಬಂದಿತ್ತು, ಅದರ ಕೊಳವೆ ಹಾಯಿಸಲು ಎಷ್ಟೋ ಕಡೆ ಈ ಗಲ್ಲಿಗಳೇ ಒದಗಿದವು. ಇಂದು ಅವುಗಳಲ್ಲಿ ಕೆಲವು ಕಾರು ನಿಲ್ಲಿಸುವ ಜಾಗ, ಕೆಲವು ಕಸದ ರಾಶಿ, ಕೆಲವು ಎರಡೂ ಬದಿಯ ಮನೆಯವರ ಕಾಂಪೌಂಡಿನೊಳಗೆ ಸದ್ದಿಲ್ಲದೆ ಸೇರಿಹೋಗಿವೆ.

ಸೈಟು ಯಾರಿಗೆ ಸಿಕ್ಕಿತು ಎಂದು ಕೇಳಿದರೆ ಹಳೆಯ ಮೈಸೂರಿನ ಹೊಗಳಿಕೆಯ ಧ್ವನಿ ಸ್ವಲ್ಪ ತಗ್ಗುತ್ತದೆ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಯಾವ ಜಾತಿಗೆ ಯಾವ ಭಾಗ ಎಂದು ಮೊದಲೇ ಗೊತ್ತು ಮಾಡಿದ್ದರು. ಮೈಸೂರಿನಲ್ಲೂ ಚಾಮರಾಜಪುರಂ, ಕೃಷ್ಣಮೂರ್ತಿಪುರಂ, ಲಕ್ಷ್ಮೀಪುರಂಗಳು ಹೆಚ್ಚಾಗಿ ತುಂಬಿದ್ದು ಸರ್ಕಾರಿ ನೌಕರಿಯ ಬ್ರಾಹ್ಮಣ ಕುಟುಂಬಗಳಿಂದ, ವಕೀಲರಿಂದ, ಮೇಷ್ಟ್ರುಗಳಿಂದ. ಸಂಬಳ ತಿಂಗಳು ತಿಂಗಳು ಬರುವವನಿಗಷ್ಟೇ ಸೈಟಿನ ಕಂತು ಕಟ್ಟುವ ಧೈರ್ಯ. ದಲಿತರ ಕೇರಿ ಊರಿನ ದಕ್ಷಿಣದ ಅಂಚಿನಲ್ಲಿ ಆದಿಕರ್ನಾಟಕಪುರವೆಂದು ಹೆಸರು ಪಡೆದು, ಮುಂದೆ ಅಶೋಕಪುರಂ ಆಯಿತು. ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ಕೆಸರೆಯ ಕಡೆಗಳಿಗೆ ಸುಧಾರಣೆ ಬಂದದ್ದು ನಿಧಾನವಾಗಿ, ಬಿಡಿಬಿಡಿಯಾಗಿ. ಆರ್.ಕೆ. ನಾರಾಯಣ್ ತಮ್ಮ ಕಲ್ಪನೆಯ ಮಾಲ್ಗುಡಿಗೆ ಲಾಲಿ ಎಕ್ಸ್‌ಟೆನ್ಷನ್ ಎಂಬ ಹೊಸ ಬಡಾವಣೆಯನ್ನು ಸೇರಿಸಿ, ಅಲ್ಲಿ ಉಳ್ಳವರನ್ನು ಕೂರಿಸಿದ್ದು ಸುಮ್ಮನಲ್ಲ. ‘ಎಕ್ಸ್‌ಟೆನ್ಷನ್ನಿನಲ್ಲಿ ಮನೆ’ ಎಂದರೆ ವಿಳಾಸಕ್ಕಿಂತ ಹೆಚ್ಚಿನದು. ನಾರಾಯಣ್ ತಾವೂ ಯಾದವಗಿರಿಯಲ್ಲಿ ಮನೆ ಕಟ್ಟಿದರು, ಕುವೆಂಪು ಅವರ ‘ಉದಯರವಿ’ ಎದ್ದದ್ದು ಒಂಟಿಕೊಪ್ಪಲಿನಲ್ಲಿ. ಇಪ್ಪತ್ತನೆಯ ಶತಮಾನದ ಮೈಸೂರಿನ ಸಾಹಿತ್ಯದ ದೊಡ್ಡ ಪಾಲು ಟ್ರಸ್ಟ್ ಬೋರ್ಡಿನ ಸೈಟುಗಳ ಮೇಲೆಯೇ ಬರೆದದ್ದು ಎಂದರೆ ತಪ್ಪಾಗದು.

ಪಶ್ಚಿಮದ ಹಸಿರಿನ ಕೀರ್ತಿಯೂ ಪೂರ್ತಿಯಾಗಿ ಟ್ರಸ್ಟಿಗೆ ಸಲ್ಲುವುದಿಲ್ಲ. ರಾಜಕುಮಾರಿಯರಿಗೆಂದು ಅರಮನೆ ಊರಾಚೆಯಲ್ಲಿ ದೊಡ್ಡ ದೊಡ್ಡ ಬಂಗಲೆಗಳನ್ನು ಕಟ್ಟಿಸಿತ್ತು. 1905ರ ಜಯಲಕ್ಷ್ಮಿ ವಿಲಾಸ ಕುಕ್ಕರಹಳ್ಳಿ ಕೆರೆಯ ಆಚೆ ದಿಣ್ಣೆಯ ಮೇಲಿತ್ತು, ಚೆಲುವಾಂಬ ವಿಲಾಸ ಇನ್ನೊಂದು ಕಡೆ. ಅವುಗಳ ಸುತ್ತ ಎಕರೆಗಟ್ಟಲೆ ತೋಪು. ರಾಜರ ಕಾಲ ಮುಗಿದ ಮೇಲೆ ಚೆಲುವಾಂಬ ವಿಲಾಸಕ್ಕೆ 1950ರಲ್ಲಿ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಬಂತು, ಜಯಲಕ್ಷ್ಮಿ ವಿಲಾಸದ ಸುತ್ತ 1960ರಲ್ಲಿ ಮಾನಸಗಂಗೋತ್ರಿ ಹುಟ್ಟಿತು. ಅಲ್ಲಿ ಸೈಟು ಬೀಳದೆ ಉಳಿದದ್ದು ನಕ್ಷೆ ಬರೆದವರ ದೂರದೃಷ್ಟಿಯಿಂದಲ್ಲ. ರಾಜಮನೆತನದ ಆಸ್ತಿ ಇಡಿಯಾಗಿ ಸರ್ಕಾರಿ ಸಂಸ್ಥೆಯ ಕೈಗೆ ಹೋಯಿತು, ಅಷ್ಟೆ. ನಗರದ ಶ್ವಾಸಕೋಶ ಎಂದು ಈಗ ಕೊಂಡಾಡುವ ಕುಕ್ಕರಹಳ್ಳಿ ಕೆರೆಯೂ 1864ರಲ್ಲಿ ಮುಮ್ಮಡಿಯವರು ಗದ್ದೆಗೆ ನೀರುಣಿಸಲು ಕಟ್ಟಿಸಿದ್ದು.

ಮಿರ್ಜಾ ಇಸ್ಮಾಯಿಲ್ 1926ರಿಂದ 1941ರವರೆಗೆ ದಿವಾನರಾಗಿದ್ದರು. ಮೈಸೂರಿನ ಸರ್ಕಲ್ಲುಗಳು, ಅವುಗಳ ನಡುವಿನ ಕಾರಂಜಿ, ರಸ್ತೆ ಬದಿಯ ಮರ, ಒಂದೇ ಎತ್ತರದ ಕಟ್ಟಡಗಳ ಮೇಲಿನ ಪ್ರೀತಿ ಅವರದ್ದು. ಕುದುರೆಯ ಮೇಲೆ ಊರು ಸುತ್ತಿ, ಕಸ ಕಂಡಲ್ಲಿ ನಿಂತು ವಿಚಾರಿಸುತ್ತಿದ್ದರೆಂಬ ಮಾತು ಜನರ ಬಾಯಲ್ಲಿ ಇಂದಿಗೂ ಇದೆ. ಟ್ರಸ್ಟಿನ ಮಾದರಿ ಸಣ್ಣ ಊರುಗಳಿಗೂ ಹಬ್ಬಿದ್ದು ಆ ಕಾಲದಲ್ಲೇ. ಹತ್ತಿಯ ಮಂಡಿಯಾಗಿ ಬೆಳೆದ ದಾವಣಗೆರೆಯಲ್ಲಿ ರಾಜಕುಮಾರರ ಹೆಸರಿನಲ್ಲಿ ಪ್ರಿನ್ಸ್ ಜಯಚಾಮರಾಜೇಂದ್ರ ಬಡಾವಣೆ ಬಂತು, ಊರ ಬಾಯಲ್ಲಿ ಅದು ಪಿ.ಜೆ. ಬಡಾವಣೆ. ಸಕ್ಕರೆ ಕಾರ್ಖಾನೆ ಬಂದು, 1939ರಲ್ಲಿ ಜಿಲ್ಲಾ ಕೇಂದ್ರವಾದ ಮಂಡ್ಯವೂ ಹೀಗೆಯೇ ಹೊಸ ಬೀದಿಗಳನ್ನು ಕಂಡಿತು.

ಆದರೂ ಒಂದು ಲೆಕ್ಕ ಮರೆಯಬಾರದು. ಟ್ರಸ್ಟ್ ಬೋರ್ಡು ನಿಭಾಯಿಸಿದ ಊರು ಬಹಳ ನಿಧಾನವಾಗಿ ಬೆಳೆಯುತ್ತಿತ್ತು. 1911ರಲ್ಲಿ ಜನಸಂಖ್ಯೆ 71 ಸಾವಿರ, ಲಕ್ಷ ದಾಟಿದ್ದು 1931ರಲ್ಲಿ, 1941ರಲ್ಲಿ ಒಂದೂವರೆ ಲಕ್ಷ. ಜಮೀನು ಅಗ್ಗ, ಪ್ರಶ್ನಿಸುವ ರೈತ ಕಡಿಮೆ, ಬೆನ್ನಿಗೆ ಅರಮನೆ. ಆ ಮೂರು ಅನುಕೂಲಗಳನ್ನು ಲೆಕ್ಕದಿಂದ ಬಿಟ್ಟು ‘ಮಹಾರಾಜರ ಕಾಲದಲ್ಲಿ ಎಷ್ಟು ಚೆನ್ನಾಗಿತ್ತು’ ಎಂದು ನಿಟ್ಟುಸಿರು ಬಿಡುವುದು ನ್ಯಾಯವಲ್ಲ. ಪರೀಕ್ಷೆ ಬಂದದ್ದು ಸ್ವಾತಂತ್ರ್ಯದ ನಂತರ. 1951ರ ಗಣತಿ ಹತ್ತೇ ವರ್ಷದಲ್ಲಿ ಸುಮಾರು ಒಂದು ಲಕ್ಷ ಜನ ಹೆಚ್ಚಿದ್ದನ್ನು ತೋರಿಸಿತು. ರೈಲ್ವೆ ಕಾರ್ಖಾನೆ, ವಿಶ್ವವಿದ್ಯಾನಿಲಯ, 1961ರಲ್ಲಿ ಯಾದವಗಿರಿಯಲ್ಲಿ ಶುರುವಾದ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ, ಆಮೇಲೆ ಮೇಟಗಳ್ಳಿ, ಹೆಬ್ಬಾಳದ ಕೈಗಾರಿಕಾ ಪ್ರದೇಶ, ಒಂದೊಂದೂ ಜನರನ್ನು ಕರೆತಂದಿತು.

1961ರಲ್ಲಿ ರಾಜ್ಯಕ್ಕೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂತು. ಇಲ್ಲಿ ವಸತಿ, ಇಲ್ಲಿ ಕೈಗಾರಿಕೆ, ಇಲ್ಲಿ ಹಸಿರು ಎಂದು ನಕ್ಷೆಗೆ ಬಣ್ಣ ಬಳಿಯುವ ಕೆಲಸ ಕಾನೂನಾಯಿತು. ಟ್ರಸ್ಟ್ ಬೋರ್ಡು ಹಳೆಯ ರೀತಿಯಲ್ಲೇ ಹೊಲ ಕೊಂಡು ಬೀದಿ ಎಳೆಯುತ್ತಾ ಹೋಯಿತು. ಕುವೆಂಪುನಗರ, ಜಯನಗರ, ಸಿದ್ಧಾರ್ಥನಗರ ಹೀಗೆ ಬಂದವು. ಮೂವತ್ತು-ನಲವತ್ತು, ನಲವತ್ತು-ಅರವತ್ತು, ಐವತ್ತು-ಎಂಬತ್ತು ಎಂಬ ಅಳತೆಗಳು ಮಧ್ಯಮ ವರ್ಗದ ಬಾಳಿನ ಅಂತಸ್ತನ್ನು ಹೇಳುವ ಅಂಕಿಗಳಾದವು. ಅಳಿಯನಿಗೆ ಸೈಟಿದೆಯೇ ಎಂಬುದು ಮದುವೆಯ ಮಾತುಕತೆಯ ಪ್ರಶ್ನೆಯಾಯಿತು.

ಹೊಲ ಹೋಯಿತು, ಹಳ್ಳಿ ಎಲ್ಲಿ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಸ್ವಾಧೀನವಾಗುತ್ತಿದ್ದದ್ದು ಸಾಗುವಳಿಯ ಜಮೀನು. ಗ್ರಾಮಠಾಣೆ, ಅಂದರೆ ಮನೆಗಳಿರುವ ಊರಿನ ನೆಲ, ಹಾಗೆಯೇ ಉಳಿಯಿತು. ಪಡುವಾರಹಳ್ಳಿ, ಕುಂಬಾರಕೊಪ್ಪಲು, ಮಂಚೇಗೌಡನಕೊಪ್ಪಲು, ಕನ್ನೇಗೌಡನಕೊಪ್ಪಲು ಹೀಗೆ ಬಡಾವಣೆಗಳ ನಡುವೆ ಸಿಕ್ಕಿಕೊಂಡ ಹಳ್ಳಿಗಳು. ತೊಣಚಿಕೊಪ್ಪಲಂತೂ ಟಿ.ಕೆ. ಲೇಔಟ್ ಎಂಬ ಎರಡಕ್ಷರಕ್ಕೆ ಕುಗ್ಗಿತು. ಬಡಾವಣೆಯ ನೇರ ಬೀದಿ ಬಂದು ಹಳ್ಳಿಯ ಬಾಯಿಗೆ ಮುಟ್ಟುತ್ತಲೇ ಸೊಟ್ಟಗಾಗುತ್ತದೆ, ಮೋರಿ ಅಲ್ಲಿಗೇ ನಿಲ್ಲುತ್ತದೆ. ಹೊಲ ಕಳೆದುಕೊಂಡ ಮನೆಯವರು ಇದ್ದ ಜಾಗದಲ್ಲೇ ಮೂರಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಹಸು ಕಟ್ಟುವವರು ಕಟ್ಟಿದರು, ಹಾಲನ್ನು ಅದೇ ಬಡಾವಣೆಯ ಮನೆಗಳಿಗೆ ಹಾಕಿದರು. ವಿದ್ಯಾರ್ಥಿಗಳು, ಕೂಲಿಯವರು, ಗಾರೆಯವರು, ಹೊಸದಾಗಿ ಊರಿಗೆ ಬಂದವರು ಕಡಿಮೆ ಬಾಡಿಗೆಗೆ ಸೇರಿಕೊಂಡದ್ದು ಇಂಥ ಕಡೆ. ನಕ್ಷೆಯಲ್ಲಿ ಬಡವರಿಗೆ ಜಾಗ ಇಡುವುದನ್ನು ಯೋಜಕರು ಮರೆತರು, ಆ ಕೊರತೆಯನ್ನು ಅವರು ಮುಟ್ಟದೆ ಬಿಟ್ಟ ಹಳ್ಳಿಗಳು ತುಂಬಿದವು.

ಮೋರಿಯ ಕಥೆಗೆ ಇನ್ನೊಂದು ತುದಿ ಇದೆ. ಮನೆಯಿಂದ ಹೊರಟ ಹೊಲಸನ್ನು ಊರಿಂದಾಚೆ ಸಾಗಿಸಿದರೆ ಕೆಲಸ ಮುಗಿಯಿತು ಎಂಬ ನಂಬಿಕೆಯ ಮೇಲೆ ನಿಂತಿತ್ತು ಇಡೀ ಏರ್ಪಾಡು. ದಕ್ಷಿಣದ ಕೊನೆಯಲ್ಲಿ ವಿದ್ಯಾರಣ್ಯಪುರಂ ಬಳಿ ಚರಂಡಿ ನೀರನ್ನು ಹರಿಸಿ ಬೆಳೆ ಬೆಳೆಯುವ ಜಾಗ ಮಾಡಿದರು. ಜನ ಅದನ್ನು ಸೂಯೇಜ್ ಫಾರಂ ಎಂದರು. ಹಾಗೆ ಮಾಡುವಾಗ ಅದು ಊರ ಹೊರಗು. ಊರು ಬೆಳೆದು ಅದನ್ನು ದಾಟಿ ಮುಂದೆ ಹೋಯಿತು. ಆಮೇಲೆ ಘನತ್ಯಾಜ್ಯವೂ ಅಲ್ಲಿಗೇ ಬಂದು, ಲಕ್ಷಗಟ್ಟಲೆ ಟನ್ನಿನ ಕಸದ ಗುಡ್ಡ ಬೆಳೆಯಿತು. ಈಗ ಸುತ್ತ ಜನವಸತಿ. ಬೇಸಿಗೆಯಲ್ಲಿ ಆ ಗುಡ್ಡಕ್ಕೆ ಬೆಂಕಿ ಬಿದ್ದರೆ ಹೊಗೆ ನುಗ್ಗುವುದು ಅಲ್ಲಿನ ಮನೆಗಳಿಗೆ. ಕುಕ್ಕರಹಳ್ಳಿ ಕೆರೆಗೆ ಮಳೆನೀರು ತರುತ್ತಿದ್ದ, ಪೂರ್ಣಯ್ಯನವರ ಹೆಸರಿನದೇ ಆದ ಕಾಲುವೆ ಒತ್ತುವರಿಯಲ್ಲಿ ತುಂಡುತುಂಡಾಯಿತು, ಅದರ ಬದಲು ಮೇಲಿನ ಬಡಾವಣೆಗಳ ಕೊಳಚೆ ಕೆರೆಗೆ ದಾರಿ ಮಾಡಿಕೊಂಡಿತು. ಕೆರೆ ಉಳಿದದ್ದು ವಿಶ್ವವಿದ್ಯಾನಿಲಯ ಮತ್ತು ನಡಿಗೆಗೆ ಬರುವ ನಾಗರಿಕರ ಹಟದಿಂದ.

1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ 1903ರ ಕಾನೂನಿಗೆ ಕೊನೆ ಹಾಡಿತು. 1988ರಲ್ಲಿ ಟ್ರಸ್ಟ್ ಬೋರ್ಡಿನ ಜಾಗಕ್ಕೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಬಂತು, ಜನರ ಬಾಯಲ್ಲಿ ಮುಡಾ. ಅದೇ ಕಾಯ್ದೆಯ ಕೆಳಗೆ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ದಾವಣಗೆರೆ, ಶಿವಮೊಗ್ಗಗಳಿಗೂ ಒಂದೊಂದು ಪ್ರಾಧಿಕಾರ. ಮೊದಲು ಟ್ರಸ್ಟು ಬಡಾವಣೆ ಮಾಡುತ್ತಿತ್ತು, ಯೋಜನೆ ಬರೆಯುವವರು ಬೇರೆ. ಈಗ ಮಹಾಯೋಜನೆ ಬರೆಯುವುದು, ಖಾಸಗಿ ಬಡಾವಣೆಗೆ ಒಪ್ಪಿಗೆ ಕೊಡುವುದು, ತಾನೇ ಸೈಟು ಮಾಡಿ ಮಾರುವುದು, ಮೂರೂ ಒಂದೇ ಕಚೇರಿಯ ಕೈಗೆ ಬಂದವು. ಆಟವಾಡುವವನೇ ಅಂಪೈರೂ ಆದಂತೆ. ವಿಜಯನಗರದ ಹಂತಗಳು, ದೇವನೂರು, ಲಲಿತಾದ್ರಿನಗರ, ಶಾಂತವೇರಿ ಗೋಪಾಲಗೌಡ ನಗರ ಮುಡಾ ಹಂಚಿದ ಬಡಾವಣೆಗಳಲ್ಲಿ ಕೆಲವು. ಅರ್ಜಿ ಹಾಕಿ ಹತ್ತಾರು ವರ್ಷ ಕಾದವರು ಒಂದು ಕಡೆ. ಸೈಟು ಸಿಕ್ಕರೂ ಮನೆ ಕಟ್ಟದೆ, ಬೆಲೆ ಏರಲೆಂದು ಬೇಲಿ ಹಾಕಿಟ್ಟವರು ಇನ್ನೊಂದು ಕಡೆ. ವಿಜಯನಗರ ನಾಲ್ಕನೇ ಹಂತದಂಥ ಕಡೆ ಬೀದಿಯುದ್ದಕ್ಕೂ ಪಾರ್ಥೇನಿಯಂ ಬೆಳೆದು ನಿಂತದ್ದು ಇದೇ ಕಾರಣಕ್ಕೆ. ಸೈಟು ಮನೆ ಕಟ್ಟುವ ಜಾಗವಾಗಿದ್ದ ಕಾಲ ಹೋಗಿ, ಬ್ಯಾಂಕಿನಲ್ಲಿಟ್ಟ ಠೇವಣಿಯಾಗಿತ್ತು.

ಪ್ರಾಧಿಕಾರದ ವೇಗ ಸಾಲದಾದಾಗ ಗೃಹ ನಿರ್ಮಾಣ ಸಹಕಾರ ಸಂಘಗಳು, ಆಮೇಲೆ ಖಾಸಗಿ ಬಡಾವಣೆಯವರು ಮುಂದೆ ಬಂದರು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ರೆವಿನ್ಯೂ ಸೈಟಿನದು. ಭೂಪರಿವರ್ತನೆ ಇಲ್ಲ, ನಕ್ಷೆಗೆ ಒಪ್ಪಿಗೆ ಇಲ್ಲ. ಹೊಲವನ್ನೇ ಚೌಕ ಕತ್ತರಿಸಿ, ಮೂಲೆಗೊಂದು ಕಲ್ಲು ನೆಟ್ಟು, ಪಂಚಾಯಿತಿಯ ಖಾತೆ ತೋರಿಸಿ ಮಾರುವುದು. ಪ್ರಾಧಿಕಾರದ ಸೈಟಿಗೆ ಹಣವೂ ಕಾಯುವ ತಾಳ್ಮೆಯೂ ಇಲ್ಲದವರು ಇದನ್ನೇ ಕೊಂಡರು. ಮೊದಲು ಮನೆ ಎದ್ದಿತು, ಆಮೇಲೆ ಕರೆಂಟಿಗೆ ಅರ್ಜಿ, ಆಮೇಲೆ ಬೋರ್‌ವೆಲ್ಲು, ಟ್ಯಾಂಕರು, ಕೊನೆಗೆ ಮೋರಿಗಾಗಿ ಧರಣಿ. 1903ರಲ್ಲಿ ಬರೆದ ಕ್ರಮ ಇಲ್ಲಿ ಕೊನೆಯಿಂದ ಮೊದಲಿಗೆ ನಡೆಯಿತು. ಇಂಥ ಮನೆಗಳನ್ನು ದಂಡ ಕಟ್ಟಿಸಿಕೊಂಡು ಒಪ್ಪಿಕೊಳ್ಳುವ ಅಕ್ರಮ-ಸಕ್ರಮದ ಕಾನೂನು 2007ರಿಂದ ಸರ್ಕಾರ, ರಾಜಭವನ, ಹೈಕೋರ್ಟುಗಳ ನಡುವೆ ಓಡಾಡಿ, 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಗೆ ಸಿಕ್ಕಿತು. ತಪ್ಪು ಯಾರದು ಎಂಬ ಚರ್ಚೆಯಲ್ಲಿ ಕೊಂಡವನ ಹೆಸರು ಮೊದಲು ಬರುತ್ತದೆ. ಅವನಿಗೆ ಕೈಗೆಟುಕುವ ಬೆಲೆಯ ಕ್ರಮಬದ್ಧ ಸೈಟು ಎಲ್ಲಿತ್ತು ಎಂದು ಕೇಳುವವರು ವಿರಳ.

ಜಮೀನು ಕೊಡುವ ರೈತನ ಕಡೆಯೂ ಗಾಳಿ ಬದಲಾಗಿತ್ತು. ಎಕರೆಗೆ ಸಿಕ್ಕ ಪರಿಹಾರದಲ್ಲಿ, ಅದೇ ಎಕರೆಯಲ್ಲಿ ಎದ್ದ ಬಡಾವಣೆಯ ಒಂದು ಕಾರ್ನರ್ ಸೈಟೂ ಬರುವುದಿಲ್ಲ ಎಂಬುದನ್ನು ಅವನು ಕಣ್ಣಾರೆ ಕಂಡಿದ್ದ. ನ್ಯಾಯಾಲಯದ ಮೆಟ್ಟಿಲು ಹತ್ತುವುದು ಕಲಿತಿದ್ದ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಪರಿಹಾರದ ಮೊತ್ತವನ್ನು ಗಣನೀಯವಾಗಿ ಏರಿಸಿತು, ಪ್ರಾಧಿಕಾರಗಳಿಗೆ ಹಣ ಕೊಟ್ಟು ಹೊಲ ಕೊಳ್ಳುವುದು ಕಷ್ಟವಾಯಿತು. ಹಣದ ಬದಲು, ಅಭಿವೃದ್ಧಿಯಾದ ನೆಲದಲ್ಲಿ ಅರ್ಧವನ್ನು ಮೂಲ ಮಾಲೀಕನಿಗೇ ಬಿಡುವ 50:50 ಏರ್ಪಾಡೂ ಚಾಲ್ತಿಗೆ ಬಂದಿತ್ತು. ರೈತನನ್ನು ಪಾಲುದಾರನನ್ನಾಗಿ ಮಾಡುವ ಆ ಯೋಚನೆಯಲ್ಲಿ ತಪ್ಪೇನಿರಲಿಲ್ಲ. ಯಾವ ಜಮೀನಿಗೆ ಬದಲಾಗಿ ಯಾವ ಬಡಾವಣೆಯ ಸೈಟು ಕೊಡಬಹುದು ಎಂಬಲ್ಲಿ ಬಾಗಿಲು ಅಗಲವಾಗಿ ತೆರೆದಿತ್ತು. 2024ರಲ್ಲಿ ಆ ಎರಡು ಅಂಕಿಗಳು ರಾಜ್ಯ ರಾಜಕೀಯವನ್ನೇ ಅಲ್ಲಾಡಿಸಿದವು, ವಿಚಾರಣಾ ಆಯೋಗ ಕುಳಿತಿತು. ಅದೇ ವರ್ಷದ ಕೊನೆಗೆ ಶಾಸನಸಭೆ ಮೈಸೂರಿಗೆ ಪ್ರತ್ಯೇಕ ಅಭಿವೃದ್ಧಿ ಪ್ರಾಧಿಕಾರದ ಮಸೂದೆಗೆ ಒಪ್ಪಿಗೆ ಕೊಟ್ಟಿತು.

ಇಷ್ಟರಲ್ಲಿ ಊರು ಸುಮಾರು 42 ಕಿಲೋಮೀಟರಿನ ರಿಂಗ್ ರೋಡನ್ನು ಮುಟ್ಟಿ, ದಾಟಿ ಹೋಗಿದೆ. ಆ ರಸ್ತೆಯ ಆಸುಪಾಸಿನ ಹಿನಕಲ್, ಬೋಗಾದಿ, ಶ್ರೀರಾಂಪುರಗಳು ಕಣ್ಣಿಗೆ ನಗರ, ಕಾಗದದಲ್ಲಿ ಬಹುಕಾಲ ಗ್ರಾಮ ಪಂಚಾಯಿತಿ. ಬಹುಮಹಡಿ ಕಟ್ಟಡದ ತೆರಿಗೆ ಕಟ್ಟಿಸಿಕೊಳ್ಳುವ ಪಂಚಾಯಿತಿಗೆ ಒಳಚರಂಡಿ ಮಾಡಿಸುವ ಎಂಜಿನಿಯರೂ ಇರಲಿಲ್ಲ, ಹಣವೂ ಇರಲಿಲ್ಲ. 2020ರ ಕೊನೆಗೆ ಹಿನಕಲ್, ಕೂರ್ಗಳ್ಳಿ, ಬೆಳವಾಡಿಗಳನ್ನು ಸೇರಿಸಿ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳಗಳಿಗೆ ಪಟ್ಟಣ ಪಂಚಾಯಿತಿ ಎಂದು ಘೋಷಣೆಯಾಯಿತು. ಇವನ್ನೆಲ್ಲ ನಗರಪಾಲಿಕೆಗೇ ಸೇರಿಸಿ ಬೃಹತ್ ಮೈಸೂರು ಮಾಡಬೇಕೆಂಬ ಮಾತೂ ಬೆನ್ನಿಗೇ ಎದ್ದಿತು. ರಿಂಗ್ ರೋಡಿನಾಚೆ ಅದಕ್ಕಿಂತ ಉದ್ದದ ಪೆರಿಫೆರಲ್ ರಿಂಗ್ ರೋಡ್ ಮಾಡುವ ಪ್ರಸ್ತಾವ ಪ್ರಾಧಿಕಾರದ ಕಡತದಲ್ಲಿದೆ. ಆ ರಸ್ತೆಗೆ ಜಮೀನು ಇನ್ನೂ ಆಗಬೇಕು, ಮೋರಿ ಎಲ್ಲಿ ಹಾಯಬೇಕೆಂದು ಗೊತ್ತಾಗಬೇಕು. ಸೈಟು ಮಾರುವವರ ಕರಪತ್ರಗಳಲ್ಲಿ ಮಾತ್ರ ಅದು ಆಗಲೇ ಐದು ನಿಮಿಷದ ದಾರಿ.